ವಿದೇಶದ ಕಾರನ್ನು ತವರಿಗೆ ತರಬೇಕೆ? – ಒಂದು ವೆಚ್ಚ ವಿಶ್ಲೇಷಣೆ

ವಿದೇಶದಲ್ಲಿ ದುಡಿದು ಮರಳುವ ಮಕ್ಕಳು ಮೈಸೂರಿನ ವರ್ತಕರ ಹಾಗೂ ಸಣ್ಣ ಉದ್ಯಮಿಗಳ ಮನೆಗಳಲ್ಲಿ ಈಗ ಅಪರೂಪವಲ್ಲ. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಘಟಕ ನಡೆಸುವ, ಗೋಕುಲಂ ನಿವಾಸಿಗಳಾದ ನಮ್ಮ ಕಕ್ಷಿಗಾರರೊಬ್ಬರು ಇತ್ತೀಚೆಗೆ ಕಚೇರಿಗೆ ಬಂದಿದ್ದರು. ಮೆಲ್ಬರ್ನ್‌ನಲ್ಲಿರುವ ಅವರ ಮಗ ಊರಿಗೆ ಮರಳಿ ಘಟಕದ ಹೊಣೆ ಹೊರಲು ಒಪ್ಪಿದ್ದರು. ಎರಡು ವರ್ಷದ ಹಿಂದೆ ಕೊಂಡ ಕಾರನ್ನೂ ಜೊತೆಗೆ ತರುವ ಆಸೆ ಅವರದು. "ಹಡಗಿನ ಬಾಡಿಗೆ, ವಿಮೆ ಸೇರಿ ಎರಡೂವರೆ ಲಕ್ಷದ ಮೇಲೆ ಸ್ವಲ್ಪ ಆಗುತ್ತದಂತೆ. ತರಿಸಿಬಿಡೋಣವೇ?" ಎಂಬುದು ತಂದೆಯ ಪ್ರಶ್ನೆ. ಈ ಪ್ರಶ್ನೆ ಇತರ ಸದಸ್ಯರಿಗೂ ಎದುರಾಗಬಹುದಾದ್ದರಿಂದ ಅದರ ಲೆಕ್ಕವನ್ನು ಇಲ್ಲಿ ವಿವರಿಸಲಾಗಿದೆ.

ಕಾರು 'ಬ್ಯಾಗೇಜ್' ಅಲ್ಲ

ವಾಸಸ್ಥಳ ಬದಲಿಸಿ ಬರುವವರಿಗೆ ಗೃಹೋಪಯೋಗಿ ವಸ್ತುಗಳ ಮೇಲೆ ದೊರೆಯುವ ಸುಂಕ ರಿಯಾಯಿತಿ ಕಾರಿಗೂ ಉಂಟೆಂಬುದು ಸಾಮಾನ್ಯ ತಪ್ಪು ಕಲ್ಪನೆ. 1962ರ ಸೀಮಾ ಸುಂಕ ಕಾಯಿದೆಯ 2(3)ನೇ ಕಲಮು ಮೋಟಾರು ವಾಹನವನ್ನು 'ಬ್ಯಾಗೇಜ್' ವ್ಯಾಖ್ಯೆಯಿಂದಲೇ ಹೊರಗಿರಿಸಿದೆ. ಆದ್ದರಿಂದ ಸ್ವಂತ ಬಳಕೆಯ ಕಾರಿಗೂ ಪೂರ್ಣ ಸುಂಕ ತೆರಲೇಬೇಕು.

ಮೊದಲು ಅರ್ಹತೆ, ಆನಂತರ ಲೆಕ್ಕ

ಬಳಸಿದ ಕಾರಿನ ಆಮದಿಗೆ ಇರುವ ಮುಖ್ಯ ಷರತ್ತುಗಳು ಇವು:

1. ತಯಾರಾದ ದಿನಾಂಕದಿಂದ ಮೂರು ವರ್ಷ ಮೀರಿರಬಾರದು. ಎಣಿಕೆ ಕೊಂಡ ದಿನದಿಂದಲ್ಲ ಎಂಬುದನ್ನು ಗಮನಿಸಬೇಕು.
2. ಸ್ಟಿಯರಿಂಗ್ ಬಲಭಾಗದಲ್ಲಿರಬೇಕು, ಹೆಡ್‌ಲೈಟ್‌ಗಳು ಎಡಬದಿಯ ಸಂಚಾರಕ್ಕೆ ಹೊಂದಬೇಕು, ವೇಗಮಾಪಕ ಕಿಲೋಮೀಟರ್‌ಗಳಲ್ಲಿರಬೇಕು.
3. ಕನಿಷ್ಠ ಐದು ವರ್ಷ ರಸ್ತೆಯಲ್ಲಿ ಓಡುವ ಯೋಗ್ಯತೆಯುಳ್ಳದ್ದೆಂಬ ಪರೀಕ್ಷಾ ಪ್ರಮಾಣಪತ್ರ ಬೇಕು.
4. ಮುಂಬಯಿ ಬಂದರಿನ ಮೂಲಕವೇ ತರಿಸಬೇಕು. ನಮಗೆ ಸಮೀಪದ ಮಂಗಳೂರು, ಚೆನ್ನೈಗಳು ಇದಕ್ಕೆ ಒದಗವು. ಅಲ್ಲಿಂದ ಮೈಸೂರಿಗೆ ಸಾವಿರ ಕಿಲೋಮೀಟರ್ ಮೀರಿದ ದಾರಿ.

ಆಸ್ಟ್ರೇಲಿಯಾ, ಸಿಂಗಪುರಗಳ ಕಾರುಗಳಿಗೆ ಎರಡನೆಯ ಷರತ್ತು ತೊಡಕಾಗದು. ಅಮೆರಿಕ ಮತ್ತು ಕೊಲ್ಲಿ ರಾಷ್ಟ್ರಗಳ ಎಡ ಸ್ಟಿಯರಿಂಗ್ ಕಾರುಗಳ ವಿಚಾರ ಅಲ್ಲಿಗೇ ಮುಗಿಯುತ್ತದೆ.

ಸುಂಕದ ಲೆಕ್ಕ

2025ರ ಕೇಂದ್ರ ಮುಂಗಡಪತ್ರದಲ್ಲಿ ಬಳಸಿದ ಕಾರಿನ ಮೂಲ ಸೀಮಾ ಸುಂಕ ಶೇ. 125ರಿಂದ ಶೇ. 70ಕ್ಕೆ ಇಳಿಯಿತು. ಈ ಸುದ್ದಿ ಓದಿ ಹಿಗ್ಗಿದವರುಂಟು. ಆದರೆ ಅದರ ಬೆನ್ನಿಗೇ ಶೇ. 67.5ರ ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಉಪಕರ ಬಂದಿತು. ಹಿಂದೆ ಸಮಾಜ ಕಲ್ಯಾಣ ಅಧಿಭಾರ ಸೇರಿ ಶೇ. 137.5 ಇದ್ದದ್ದು ಈಗಲೂ ಶೇ. 137.5. ಹೆಸರು ಬದಲಾಯಿತೇ ಹೊರತು ಹೊರೆ ಬದಲಾಗಲಿಲ್ಲ. ಇದರ ಮೇಲೆ ಐಜಿಎಸ್‌ಟಿ ಬೀಳುತ್ತದೆ. 22 ಸೆಪ್ಟೆಂಬರ್ 2025ರಿಂದ ಸಣ್ಣ ಕಾರುಗಳಿಗೆ ಶೇ. 18, ದೊಡ್ಡ ಕಾರುಗಳಿಗೆ ಶೇ. 40.

ಮೌಲ್ಯ ನಿರ್ಣಯಕ್ಕೆ ಹೊಸದಿದ್ದಾಗಿನ ಬೆಲೆಯಿಂದ ಸವಕಳಿ ಕಳೆಯುತ್ತಾರೆ: ಮೊದಲ ವರ್ಷ ತ್ರೈಮಾಸಿಕಕ್ಕೆ ಶೇ. 4, ಎರಡನೆಯ ವರ್ಷ ಶೇ. 3, ಮೂರನೆಯ ವರ್ಷ ಶೇ. 2.5. ಎರಡು ವರ್ಷದ, 20 ಲಕ್ಷ ರೂ. ಮೂಲಬೆಲೆಯ ದೊಡ್ಡ ಕಾರೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ.

ಸವಕಳಿ (ಶೇ. 28) ಕಳೆದ ಬೆಲೆ: ರೂ. 14,40,000
ಸಾಗಣೆ, ವಿಮೆ (ಅಂದಾಜು): ರೂ. 2,60,000
ಸುಂಕಾರ್ಹ ಮೌಲ್ಯ: ರೂ. 17,00,000
ಮೂಲ ಸುಂಕ ಶೇ. 70: ರೂ. 11,90,000
ಉಪಕರ ಶೇ. 67.5: ರೂ. 11,47,500
ಮೇಲಿನ ಮೂರರ ಒಟ್ಟು 40,37,500ರ ಮೇಲೆ ಐಜಿಎಸ್‌ಟಿ ಶೇ. 40: ರೂ. 16,15,000
ಬಂದರಿನಲ್ಲಿ ತೆರಬೇಕಾದ ಒಟ್ಟು ಸುಂಕ, ತೆರಿಗೆ: ರೂ. 39,52,500

ತೆರಿಗೆಯ ಮೇಲೆ ತೆರಿಗೆ ಸೇರಿ ಒಟ್ಟು ಹೊರೆ ಮೌಲ್ಯದ ಶೇ. 232.5 ಆಗುವುದನ್ನು ಓದುಗರು ಗಮನಿಸಬೇಕು. ಇಷ್ಟಕ್ಕೇ ಮುಗಿಯದು. ಕರ್ನಾಟಕದಲ್ಲಿ ನೋಂದಣಿಗೆ ಜೀವಿತಾವಧಿ ತೆರಿಗೆ ಕಟ್ಟಬೇಕು. 20 ಲಕ್ಷ ಮೀರಿದ ಹೊಸ ಕಾರಿಗೆ ಅದರ ದರ ಶೇ. 18. ಸುಂಕ ಸೇರಿದ ಬೆಲೆಯ ಮೇಲೆ ಇದೇ ದರ ಹಿಡಿದರೆ ಇನ್ನೂ ಸುಮಾರು ಹತ್ತು ಲಕ್ಷ ರೂಪಾಯಿ. ಅಂದರೆ ಸಾಗಣೆ, ಸುಂಕ, ನೋಂದಣಿ ಸೇರಿ ಕೈಯಿಂದ ಹೋಗುವ ಹಣ 52 ಲಕ್ಷದ ಆಸುಪಾಸು. ಕ್ಲಿಯರಿಂಗ್ ಏಜೆಂಟರ ಶುಲ್ಕ, ಪರೀಕ್ಷಾ ವೆಚ್ಚ ಮತ್ತು ತಡವಾದರೆ ಡೆಮರೇಜ್ ಬೇರೆ.

ಸಂಸ್ಥೆಯ ಹೆಸರಿನಲ್ಲಿ ತಂದರೆ?

"ಐಜಿಎಸ್‌ಟಿಯನ್ನು ಜಮಾ ಪಡೆಯಬಹುದಲ್ಲವೇ?" ಎಂದು ಕೇಳುವವರಿದ್ದಾರೆ. ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)ನೇ ಕಲಮಿನಂತೆ, ಚಾಲಕನೂ ಸೇರಿ 13 ಜನರವರೆಗಿನ ಪ್ರಯಾಣಿಕ ವಾಹನಗಳಿಗೆ ಹೂಡುವಳಿ ತೆರಿಗೆ ಜಮಾ ಸಾಮಾನ್ಯವಾಗಿ ಇಲ್ಲ. ಕಾರು ಮಾರುವವರು, ಟ್ಯಾಕ್ಸಿ ಓಡಿಸುವವರು, ಚಾಲನಾ ತರಬೇತಿ ನೀಡುವವರಿಗಷ್ಟೇ ವಿನಾಯಿತಿ.

ಇಲ್ಲಿಂದ ಹೊರಡುವವರಿಗೆ

ಕಾರನ್ನು ಹೊರದೇಶಕ್ಕೆ ಒಯ್ಯುವವರೂ ಮೊದಲು ಅಲ್ಲಿನ ನಿಯಮ ನೋಡಬೇಕು. ಅಮೆರಿಕದಲ್ಲಿ 25 ವರ್ಷದೊಳಗಿನ ಕಾರು ಅಲ್ಲಿನ ಸುರಕ್ಷಾ ಮಾನಕಗಳಿಗೆ ಹೊಂದಿರಬೇಕು; ಸಿಂಗಪುರ ಮೂರು ವರ್ಷ ಮೀರಿದ ಬಳಸಿದ ಕಾರನ್ನು ಒಳಬಿಡದು. ಬ್ರಿಟನ್ ಮಾತ್ರ ಉದಾರಿ: ಹನ್ನೆರಡು ತಿಂಗಳು ಹೊರಗೆ ವಾಸವಿದ್ದು, ಆರು ತಿಂಗಳು ಕಾರನ್ನು ಬಳಸಿದವರಿಗೆ ವಾಸ ಬದಲಾವಣೆಯ ತೆರಿಗೆ ವಿನಾಯಿತಿ ಉಂಟು.

ತೀರ್ಮಾನ

ಕಾರಿಗೆ ಹಿಂದೆ ಕೊಟ್ಟ ಬೆಲೆ ಮುಗಿದುಹೋದ ಖರ್ಚು. ನಿರ್ಧಾರದಲ್ಲಿ ಅದಕ್ಕೆ ಸ್ಥಾನವಿಲ್ಲ. ಹೋಲಿಸಬೇಕಾದದ್ದು ಎರಡನ್ನೇ. ಅಲ್ಲಿ ಮಾರಿದರೆ ಬರುವ ಹಣಕ್ಕೆ ತರಿಸುವ ವೆಚ್ಚ ಸೇರಿಸಿ ಒಂದು ಮೊತ್ತ. ಅಂಥದೇ ಕಾರು ಇಲ್ಲಿನ ಷೋರೂಮಿನಲ್ಲಿ ದೊರೆಯುವ ಬೆಲೆ ಇನ್ನೊಂದು. ಯಂತ್ರ ಆಮದು ಮಾಡುವಾಗಲೂ ನಾವು ಅನುಸರಿಸುವ ಕ್ರಮ ಇದೇ. ಮಾರಿದ ಹಣವನ್ನು ಅವಸರದಿಂದ ರೂಪಾಯಿಗೆ ಪರಿವರ್ತಿಸಬೇಕಾಗಿಯೂ ಇಲ್ಲ. ಅನಿವಾಸಿಯಾಗಿದ್ದಾಗ ಗಳಿಸಿದ ವಿದೇಶಿ ಆಸ್ತಿಯನ್ನು ಮರಳಿದ ಮೇಲೂ ಹೊಂದಿರಲು 1999ರ ಫೆಮಾ ಕಾಯಿದೆಯ 6(4)ನೇ ಕಲಮು ಅವಕಾಶ ನೀಡಿದೆ.

ನಮ್ಮ ಕಕ್ಷಿಗಾರರು ಮೇಲಿನ ಲೆಕ್ಕದ ಹಾಳೆಯನ್ನೇ ಮಗನಿಗೆ ಕಳುಹಿಸಿದರು. ಕಾರು ಮೆಲ್ಬರ್ನ್‌ನಲ್ಲಿಯೇ ಮಾರಾಟವಾಯಿತು. ಉಳಿದ ಹಣವನ್ನು ಘಟಕದ ಹೊಸ ಯಂತ್ರಕ್ಕೆ ಹಾಕುವ ವಿಚಾರವನ್ನು ತಂದೆ ಮಗ ಈಗ ಒಟ್ಟಿಗೆ ಕುಳಿತು ಚರ್ಚಿಸುತ್ತಿದ್ದಾರೆ. ಸದಸ್ಯರು ಕಾರನ್ನು ಹಡಗಿಗೆ ಏರಿಸುವ ಮುನ್ನವೇ ಅಂದಿನ ಸುಂಕದ ದರವನ್ನು ವಿಚಾರಿಸಿಕೊಂಡು ಈ ಲೆಕ್ಕ ಹಾಕಿ ನೋಡುವುದು ಕ್ಷೇಮ.