ತುರ್ತು ಚಿಕಿತ್ಸೆಯ ಮೊದಲ ಗಳಿಗೆ

ಮಕ್ಕಳ ಕಾಯಿಲೆಗಳೂ ಗಾಯಗಳೂ ಹೇಳಿ ಕೇಳಿ ಬರುವುದಿಲ್ಲ. ಬೆಳಗ್ಗೆ ನಗುನಗುತ್ತ ಆಡಿದ ಮಗುವಿಗೆ ಸಂಜೆಯ ಹೊತ್ತಿಗೆ ಜ್ವರವೇರಬಹುದು. ಒಲೆಯ ಬಳಿ ಸುಳಿದಾಡುವ ಕೂಸಿನ ಕೈಮೇಲೆ ಬಿಸಿನೀರು ಚೆಲ್ಲಬಹುದು. ಬೀದಿಯಲ್ಲಿ ಆಡುವ ಹುಡುಗನನ್ನು ನಾಯಿ ಕಚ್ಚಬಹುದು. ಇಂಥ ವೇಳೆಯಲ್ಲಿ ನೆರವಾಗಲೆಂದೇ ದೊಡ್ಡ ಆಸ್ಪತ್ರೆಗಳಲ್ಲಿ ತುರ್ತು ಚಿಕಿತ್ಸಾ ವಿಭಾಗವು ಹಗಲಿರುಳೂ ತೆರೆದಿರುತ್ತದೆ. ಆದರೆ ಅದರ ಬಾಗಿಲನ್ನು ಮುಟ್ಟುವ ಮೊದಲೇ, ಮಗುವಿನ ಬಳಿಯಲ್ಲಿರುವವರ ಕೈಯಿಂದಲೇ ಚಿಕಿತ್ಸೆಯು ಆರಂಭವಾಗಬೇಕು.

ಅನಗೋಳವು ಹಿಂದೆ ಒಂದು ಹಳ್ಳಿಯಾಗಿತ್ತು. ಇಂದು ಅದು ಬೆಳಗಾವಿ ನಗರದ ಒಂದು ಭಾಗ. ಅಲ್ಲಿಂದ ನಗರದ ಜಿಲ್ಲಾ ಆಸ್ಪತ್ರೆಯನ್ನು ತಲುಪಲು ಹೆಚ್ಚು ಹೊತ್ತು ಬೇಕಿಲ್ಲ. ನೆರೆಯ ಖಾನಾಪುರ ತಾಲ್ಲೂಕಿನ ಸ್ಥಿತಿ ಬೇರೆ. ಮಲಪ್ರಭೆಯು ಹುಟ್ಟುವ ಕಣಕುಂಬಿಯ ಸುತ್ತಲಿನ ಕಾಡಿನ ಊರುಗಳಿಂದ ಮಳೆಗಾಲದಲ್ಲಿ ನಗರಕ್ಕೆ ಬರುವುದೇ ಒಂದು ಪ್ರಯಾಸ. 2008ರ ನವೆಂಬರ್ 1ರಂದು ಕರ್ನಾಟಕದಲ್ಲಿ ಆರಂಭವಾದ ‘ಆರೋಗ್ಯ ಕವಚ’ ಯೋಜನೆಯಿಂದಾಗಿ 108 ಸಂಖ್ಯೆಗೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಆದರೂ ಅದು ಬರುವವರೆಗಿನ ಹೊತ್ತು ನಮ್ಮದೇ ಹೊಣೆ. ದಾರಿ ದೂರವಾದಷ್ಟೂ ಆ ಹೊಣೆ ಹೆಚ್ಚುತ್ತದೆ.

ತುರ್ತು ವಿಭಾಗದಲ್ಲಿ ಮೊದಲು ಬಂದವರಿಗೆ ಮೊದಲ ಸರದಿ ಎಂಬ ನಿಯಮ ನಡೆಯದು. ಮಗುವಿನ ಉಸಿರು, ಮೈಬಣ್ಣ, ಎಚ್ಚರ ಇವುಗಳನ್ನು ನೋಡಿ, ಯಾರ ಪ್ರಾಣಕ್ಕೆ ಹೆಚ್ಚು ಅಪಾಯವಿದೆಯೋ ಅವರನ್ನು ಮೊದಲು ಒಳಗೆ ಕರೆಯುತ್ತಾರೆ. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಲಾರೆಯು ಗಾಯಾಳುಗಳ ಪದವಿಯನ್ನು ನೋಡದೆ, ಗಾಯದ ತೀವ್ರತೆಯನ್ನೇ ನೋಡಿ ಚಿಕಿತ್ಸೆ ನೀಡುವ ಪದ್ಧತಿಯನ್ನು ನೆಲೆಗೊಳಿಸಿದನು. ಮೊಣಕಾಲು ತರಚಿ ಗಟ್ಟಿಯಾಗಿ ಅಳುವ ಮಗುವು ಸ್ವಲ್ಪ ಕಾಯಬಲ್ಲುದು; ಅಳಲೂ ಶಕ್ತಿಯಿಲ್ಲದೆ ಮಂಕಾಗಿ ಮಲಗಿರುವ ಮಗುವು ಕಾಯಲಾರದು.

ವಾಂತಿ ಭೇದಿಯನ್ನೇ ನೋಡೋಣ. ಇದರಲ್ಲಿ ಪ್ರಾಣಕ್ಕೆ ಎರವಾಗುವುದು ಬಹುಮಟ್ಟಿಗೆ ದೇಹದ ನೀರು ಮತ್ತು ಲವಣಗಳ ನಷ್ಟವೇ. ಕಣ್ಣು ಗುಳಿಬೀಳುವುದು, ನಾಲಿಗೆ ಒಣಗುವುದು, ಅತ್ತರೂ ಕಣ್ಣೀರು ಬಾರದಿರುವುದು ಅದರ ಲಕ್ಷಣಗಳು. 1971ರಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿದಾಗ, ಬನಗಾಂವ್ ಶಿಬಿರದಲ್ಲಿ ರಕ್ತನಾಳಕ್ಕೆ ಕೊಡುವ ದ್ರವವು ಸಾಲದಾಯಿತು. ಡಾ. ದಿಲೀಪ್ ಮಹಲನಬಿಸ್ ಅವರು ಗ್ಲೂಕೋಸ್, ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿದ ನೀರನ್ನು ರೋಗಿಗಳ ಬಂಧುಗಳಿಂದಲೇ ಕುಡಿಸಿದರು. ಅದನ್ನು ಕುಡಿದವರಲ್ಲಿ ಸಾವಿನ ಪ್ರಮಾಣವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಇಂದು ಓ.ಆರ್.ಎಸ್. ಪೊಟ್ಟಣದಲ್ಲಿ ದೊರೆಯುವುದು ಅದೇ ಬಗೆಯ ಮಿಶ್ರಣ. ಪೊಟ್ಟಣದ ಮೇಲೆ ಬರೆದಿರುವಷ್ಟೇ ಶುದ್ಧ ನೀರಿನಲ್ಲಿ ಅದನ್ನು ಕರಗಿಸಿ, ಗುಟುಕು ಗುಟುಕಾಗಿ ಕುಡಿಸಬೇಕು. ಎದೆಹಾಲನ್ನೂ ಆಹಾರವನ್ನೂ ನಿಲ್ಲಿಸಬಾರದು. ಮಗುವು ಕುಡಿಯಲಾರದಾದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಆರು ತಿಂಗಳಿಂದ ಐದು ವರ್ಷದೊಳಗಿನ ಕೆಲವು ಮಕ್ಕಳಿಗೆ ಜ್ವರದೊಡನೆ ಸೆಳವು ಬರುವುದುಂಟು. ಕೈಕಾಲು ಸೆಟೆದು, ಕಣ್ಣು ಮೇಲಾಗುವುದನ್ನು ಕಂಡು ಮನೆಯವರು ದಿಗಿಲುಗೊಳ್ಳುತ್ತಾರೆ. ಕಬ್ಬಿಣದ ಬೀಗದಕೈಯನ್ನು ಹಿಡಿಸುತ್ತಾರೆ, ಹಲ್ಲುಗಳ ನಡುವೆ ಚಮಚವನ್ನು ತುರುಕುತ್ತಾರೆ. ಇವುಗಳಿಂದ ಪ್ರಯೋಜನವಿಲ್ಲ, ಹಾನಿಯುಂಟು. ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ಬಟ್ಟೆಯನ್ನು ಸಡಿಲಿಸಿ, ಬಾಯಿಗೆ ಏನನ್ನೂ ಹಾಕದೆ, ಗಡಿಯಾರವನ್ನು ನೋಡುತ್ತಿರಬೇಕು. ಸೆಳವು ಐದು ನಿಮಿಷಗಳನ್ನು ಮೀರಿದರೆ ಅದನ್ನು ನಿಲ್ಲಿಸಲು ಔಷಧಿ ಬೇಕಾಗುತ್ತದೆ. ಬೇಗನೆ ನಿಂತರೂ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು.

ಸುಟ್ಟ ಗಾಯಕ್ಕೆ ಶಾಯಿ, ಹಲ್ಲುಪುಡಿ, ಎಣ್ಣೆ ಹಚ್ಚುವ ರೂಢಿಯೂ ಇಂಥದೇ. ಚರ್ಮದೊಳಗೆ ಉಳಿದ ಶಾಖವು ಬೆಂಕಿಯಿಂದ ದೂರ ಸರಿದ ಮೇಲೂ ಸುಡುತ್ತಲೇ ಇರುತ್ತದೆ. ಆದುದರಿಂದ ಗಾಯದ ಮೇಲೆ ಇಪ್ಪತ್ತು ನಿಮಿಷಗಳ ಕಾಲ ತಣ್ಣೀರನ್ನು ಹರಿಯಬಿಡುವುದೇ ಸರಿಯಾದ ಉಪಚಾರ. ಮಂಜುಗಡ್ಡೆಯನ್ನು ಇಡಬಾರದು. ನಾಯಿ ಕಚ್ಚಿದಾಗ ಮೆಣಸಿನಪುಡಿ ಹಚ್ಚದೆ, ಸಾಬೂನು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ಗಾಯವನ್ನು ತೊಳೆಯಬೇಕು. ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆಯನ್ನು ಆರಂಭಿಸಬೇಕು. ರೇಬೀಸ್ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವುದು ಅತಿ ವಿರಳ. 1885ರ ಜುಲೈ 6ರಂದು ಲೂಯಿ ಪಾಶ್ಚರನ ಲಸಿಕೆಯನ್ನು ಪಡೆದು ಬದುಕುಳಿದ ಜೋಸೆಫ್ ಮೈಸ್ಟರನು ಒಂಬತ್ತು ವರ್ಷದ ಬಾಲಕ.

ಕೆಲವು ಸಲ ಮಾಡಬೇಕಾದುದಕ್ಕಿಂತ ಮಾಡಬಾರದುದನ್ನು ತಿಳಿದಿರುವುದೇ ಮುಖ್ಯ. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಬಾರದು. ಎಣ್ಣೆಯು ಶ್ವಾಸಕೋಶವನ್ನು ಸೇರಿದರೆ ಅಪಾಯ ಹೆಚ್ಚುತ್ತದೆ. ಹಾವು ಕಚ್ಚಿದ ಜಾಗವನ್ನು ಕೊಯ್ಯಬಾರದು, ಹಗ್ಗದಿಂದ ಬಿಗಿಯಬಾರದು, ಬಾಯಿಂದ ಹೀರಬಾರದು. ಕಚ್ಚಿಸಿಕೊಂಡವರನ್ನು ನಡೆಯಲು ಬಿಡದೆ, ಆ ಅಂಗವನ್ನು ಅಲುಗಿಸದೆ, ವಿಷಪ್ರತಿರೋಧಕ ಔಷಧಿಯಿರುವ ಆಸ್ಪತ್ರೆಗೆ ಬೇಗನೆ ಸಾಗಿಸಬೇಕು. ಮಂತ್ರ ಹಾಕಿಸುವುದರಲ್ಲಿ ಕಳೆದ ಹೊತ್ತನ್ನು ಯಾವ ವೈದ್ಯನೂ ಹಿಂದಕ್ಕೆ ತರಲಾರನು.

ತಂದೆತಾಯಿಗಳು ಹೊಲಕ್ಕೋ ಕೆಲಸಕ್ಕೋ ಹೋದಾಗ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವವರು ಎಷ್ಟೋ ಮನೆಗಳಲ್ಲಿ ಪ್ರೌಢಶಾಲೆಯ ಅಣ್ಣ ಅಕ್ಕಂದಿರೇ. ಆಪತ್ತು ಬಂದೊದಗಿದಾಗ ಮಗುವಿನ ಹತ್ತಿರ ಇರುವ ಮೊದಲ ಆಸರೆ ಅವರೇ ಆಗಿರಬಹುದು. ನೀರು, ಸಾಬೂನು, ಒಂದು ಓ.ಆರ್.ಎಸ್. ಪೊಟ್ಟಣ, 108ಕ್ಕೆ ಒಂದು ಕರೆ, ಇವು ಬಡವರಿಗೂ ಎಟುಕುವ ಸಾಧನಗಳು. ಇವುಗಳನ್ನು ಸಕಾಲದಲ್ಲಿ ಬಳಸುವ ತಿಳಿವಳಿಕೆಯೂ, ಧೈರ್ಯಗೆಡದ ಮನಸ್ಸೂ ಕೂಡಿದರೆ ತುರ್ತು ವಿಭಾಗದ ವೈದ್ಯರ ಅರ್ಧ ಕೆಲಸವು ಮನೆಯಲ್ಲಿಯೇ ಆದಂತೆ.