ಜನರಲ್ ತಿಮ್ಮಯ್ಯನವರು

ಸೇನಾನಿ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಬಂದೂಕು, ಟ್ಯಾಂಕುಗಳೇ ನೆನಪಾಗುತ್ತವೆ. ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಬಾಳಿನಲ್ಲಿ ಅವೂ ಇದ್ದವು. ಆದರೆ ಅವರ ಅತಿ ಕಠಿಣವಾದ ಸೇವೆ ಕದನವಿರಾಮದ ಅನಂತರದ್ದೆಂದು ನಾವು ತಿಳಿಯುತ್ತೇವೆ.

ತಿಮ್ಮಯ್ಯನವರು 1906ರ ಮಾರ್ಚ್ ತಿಂಗಳಲ್ಲಿ ಮಡಿಕೇರಿಯಲ್ಲಿ ಜನಿಸಿದರು. ಕೂನೂರು, ಬೆಂಗಳೂರು, ಡೆಹರಾಡೂನ್‌ಗಳಲ್ಲಿ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು, 1926ರಲ್ಲಿ ಸೈನ್ಯಾಧಿಕಾರಿಯಾದರು. ಮನೆಯಲ್ಲಿ ಕೊಡವ ಮಾತು, ಶಾಲೆಯಲ್ಲಿ ಇಂಗ್ಲಿಷು, ಸಿಪಾಯಿಗಳೊಡನೆ ಹಿಂದೂಸ್ತಾನಿ. ಮನೆಯಲ್ಲೊಂದು, ಸಂತೆಯಲ್ಲೊಂದು, ತರಗತಿಯಲ್ಲೊಂದು ಭಾಷೆಯಾಡುವ ಹಿಂದೂಪುರ, ಕಲ್ಯಾಣದುರ್ಗದ ಮಕ್ಕಳಿಗೆ ಇದು ಹೊಸತೆನಿಸಲಾರದು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ರಣರಂಗದಲ್ಲಿ ಕಾಲಾಳು ಬ್ರಿಗೇಡೊಂದನ್ನು ನಡೆಸಿದ ಏಕೈಕ ಭಾರತೀಯರು ಅವರು. ಆ ಯುದ್ಧದಲ್ಲಿ ಡಿ.ಎಸ್.ಓ. ಪದಕವೂ ದೊರೆಯಿತು.

1948ರಲ್ಲಿ ಕಾಶ್ಮೀರದ ಝೋಜಿಲಾ ಕಣಿವೆದಾರಿ ಶತ್ರುಗಳ ವಶದಲ್ಲಿತ್ತು. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿ ಅದೇ. ಸೆಪ್ಟೆಂಬರಿನ ದಾಳಿಗಳು ವಿಫಲವಾದವು, ಹಿಮ ಬೀಳುವ ಕಾಲವೂ ಹತ್ತಿರವಾಯಿತು. ಪೆನುಕೊಂಡೆಯ ಬೆಟ್ಟ ಹತ್ತಿ ಏದುಸಿರು ಬಿಟ್ಟವರು ಯೋಚಿಸಿ ನೋಡಿ: ಹನ್ನೊಂದು ಸಾವಿರ ಅಡಿಗೂ ಮಿಕ್ಕ ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸಲು ತಿಮ್ಮಯ್ಯನವರು ನಿಶ್ಚಯಿಸಿದರು! ಟ್ಯಾಂಕುಗಳ ಮೇಲ್ಭಾಗವನ್ನು ಬಿಚ್ಚಿ, ಗುಟ್ಟಾಗಿ ಸಾಗಿಸಲಾಯಿತು. ದಾರಿ ಕಡಿದವರು ಮದ್ರಾಸ್ ಸ್ಯಾಪರ್ಸ್ ದಳದವರು. ದಕ್ಷಿಣದ ಯುವಕರು ಸೇರುವ ಈ ದಳದ ಕೇಂದ್ರ ಬೆಂಗಳೂರಿನಲ್ಲಿದೆ. ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಯನ್ನು ಹೊಕ್ಕವು. ಅದೇ ತಿಂಗಳು ಕಾರ್ಗಿಲ್ ನಮ್ಮ ಕೈಸೇರಿ, ಲೇಹ್‌ನ ದಾರಿ ತೆರೆಯಿತು.

ಇನ್ನು ಕೊರಿಯಾದ ವಿಷಯ. 1953ರ ಜುಲೈನಲ್ಲಿ ಅಲ್ಲಿ ಕದನ ನಿಂತಿತು. ಆದರೆ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು ತಾಯ್ನಾಡಿಗೆ ಮರಳಲು ಒಪ್ಪಲಿಲ್ಲ. ಅವರು ನಿಜವಾಗಿ ಒಲ್ಲರೋ, ಹೆದರಿ ಹಾಗೆನ್ನುವರೋ? ಇದನ್ನು ಅರಿಯಲು ಐದು ರಾಷ್ಟ್ರಗಳ ಆಯೋಗವೊಂದು ನೇಮಕವಾಯಿತು. ತಿಮ್ಮಯ್ಯನವರು ಅದರ ಅಧ್ಯಕ್ಷರು. ಇಬ್ಬರು ಸದಸ್ಯರು ಒಂದು ಕಡೆಗೆ ವಾಲಿದರೆ ಇನ್ನಿಬ್ಬರು ಮತ್ತೊಂದು ಕಡೆಗೆ. ದಕ್ಷಿಣ ಕೊರಿಯಾ ತನ್ನ ನೆಲದಲ್ಲಿ ಭಾರತದ ಸೈನಿಕರು ಕಾಲಿಡಕೂಡದೆಂದಿತು. ಅವರನ್ನು ಹೆಲಿಕಾಪ್ಟರುಗಳಲ್ಲಿ ಸಾಗಿಸಬೇಕಾಯಿತು. ಶಿಬಿರಗಳ ಕಾವಲು ಜನರಲ್ ಥೋರಟ್ಟರದು. ಬಲವಂತದಿಂದ ಯಾರನ್ನೂ ಯಾವ ಕಡೆಗೂ ಕಳಿಸಬಾರದೆಂಬ ನಿಲುವನ್ನು ತಿಮ್ಮಯ್ಯನವರು ಬಿಡಲಿಲ್ಲ. ಎರಡೂ ಪಕ್ಷಗಳು ಗೊಣಗಿದವು. ನ್ಯಾಯ ಹೇಳಲು ಕುಳಿತವರ ಪಾಡು ಊರ ಪಂಚಾಯಿತಿಯಲ್ಲೂ ಇಷ್ಟೇ ಅಲ್ಲವೆ? ಯಾವ ಕಡೆಗೂ ಹೋಗಲೊಲ್ಲದ ಎಂಬತ್ತಕ್ಕೂ ಹೆಚ್ಚು ಮಂದಿ ಕೊನೆಗೆ ಭಾರತಕ್ಕೇ ಬಂದರು. 1954ರಲ್ಲಿ ತಿಮ್ಮಯ್ಯನವರಿಗೆ ಪದ್ಮಭೂಷಣ ಪ್ರಶಸ್ತಿ ದೊರೆಯಿತು.

1957ರಿಂದ 1961ರವರೆಗೆ ಅವರು ಭೂಸೇನೆಯ ಮುಖ್ಯಸ್ಥರಾಗಿದ್ದರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ನರೊಡನೆ ಭಿನ್ನಾಭಿಪ್ರಾಯ ಬೆಳೆದು 1959ರಲ್ಲಿ ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಅವರ ಮಾತಿಗೆ ಅದನ್ನು ಹಿಂತೆಗೆದುಕೊಂಡರು. ಅವರು ನಿವೃತ್ತರಾದ ಮರುವರ್ಷವೇ ಚೀನಾ ಯುದ್ಧ ಬಂದಿತು.

1964ರಲ್ಲಿ ವಿಶ್ವಸಂಸ್ಥೆ ಅವರನ್ನು ಸೈಪ್ರಸ್ ದ್ವೀಪಕ್ಕೆ ಕರೆಯಿತು. ಗ್ರೀಕರೂ ತುರ್ಕರೂ ಹೊಡೆದಾಡುತ್ತಿದ್ದ ನಾಡು. ಅಲ್ಲಿಯೂ ನಡುವೆ ನಿಲ್ಲುವುದೇ ಕೆಲಸ. ಆ ಹೊಣೆಯಲ್ಲಿರುವಾಗಲೇ, 1965ರ ಡಿಸೆಂಬರ್ 18ರಂದು, ಹೃದಯಾಘಾತದಿಂದ ತೀರಿಕೊಂಡರು. ಸೈಪ್ರಸ್ ಸರ್ಕಾರ ಮರುವರ್ಷ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ ಬಹುಕಾಲ ಸಾರಿಗೆ ಕಚೇರಿಯಾಗಿತ್ತು. 2021ರಲ್ಲಿ ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಯಾಯಿತು. ಬೆಂಗಳೂರಿನವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಹೋಗಬಹುದು.