ಕಾಣದ ಪದರವನ್ನು ಕಲಿಸುವ ಬಗೆ: ಡಿಸ್ಕ್ ಸಂಗ್ರಹಣೆಯ ಒಂದು ಪಾಠ

ತರಗತಿ: ಪ್ರಥಮ ಪಿಯುಸಿ, ಗಣಕ ವಿಜ್ಞಾನ
ಪೂರ್ವಜ್ಞಾನ: ಕಡತ, ಡಿಸ್ಕ್, ಸೆಕ್ಟರ್
ಉದ್ದೇಶ: ಪಾರದರ್ಶಕ ಪದರ ಪಾಲಿಸಬೇಕಾದ ನಿಯಮಗಳನ್ನು ವಿದ್ಯಾರ್ಥಿಯು ಕಾರಣಸಹಿತ ವಿವರಿಸುವನು.

ಮೊದಲ ತೊಡಕು ಪದದಲ್ಲೇ ಇದೆ. 'ಪಾರದರ್ಶಕ ಆಡಳಿತ' ಎಂದರೆ ಒಳಗಿನದೆಲ್ಲ ಕಾಣಬೇಕು. ಇಲ್ಲಿ ಕಿಟಕಿಯ ಗಾಜಿನಂತೆ ಪದರವೇ ಕಾಣಬಾರದು. ಈ ವ್ಯತ್ಯಾಸವನ್ನು ಆರಂಭದಲ್ಲೇ ಕಪ್ಪುಹಲಗೆಯ ಮೇಲೆ ಬರೆಯಬೇಕು.

ವಿಷಯ ನಿರೂಪಣೆ: ಕಡತ ವ್ಯವಸ್ಥೆಯು ಡಿಸ್ಕಿಗೆ ಮುಖ್ಯವಾಗಿ ಮೂರು ಮಾತು ಹೇಳುತ್ತದೆ: ಈ ಸೆಕ್ಟರ್ ಓದು, ಇಲ್ಲಿ ಬರೆ, ಬಾಕಿಯಿರುವುದನ್ನೆಲ್ಲ ಬರೆದು ಮುಗಿಸು. ನಡುವಿನ ಪದರವು ಮೇಲಿನವರಿಗೆ ಡಿಸ್ಕಿನಂತೆ, ಕೆಳಗಿನವರಿಗೆ ಬಳಕೆದಾರನಂತೆ ವರ್ತಿಸಬೇಕು. 2003ರಲ್ಲಿ ಬಂದ ಫ್ರೀಬಿಎಸ್‌ಡಿ 5.0 ಆವೃತ್ತಿಯ 'ಜಿಯೋಮ್' ವಿನ್ಯಾಸದಲ್ಲಿ ಈ ಎರಡು ಮುಖಗಳಿಗೆ 'ಪ್ರೊವೈಡರ್', 'ಕನ್ಸ್ಯೂಮರ್' ಎಂಬ ಹೆಸರುಗಳಿವೆ. ಮುಖಗಳು ಎಲ್ಲ ಪದರಗಳಿಗೂ ಒಂದೇ ಬಗೆಯವಾದ್ದರಿಂದ ನಕಲು ಇಡುವ ಪದರದ ಮೇಲೆ ಗೂಢಲಿಪೀಕರಣದ ಪದರವನ್ನೂ ಇಡಬಹುದು.

ಚಟುವಟಿಕೆ: ನಾಲ್ವರು ವಿದ್ಯಾರ್ಥಿಗಳು. ಒಬ್ಬರು ಕಡತ ವ್ಯವಸ್ಥೆ, ಒಬ್ಬರು ನಕಲು ಪದರ, ಇಬ್ಬರು ಡಿಸ್ಕ್. ಪ್ರತಿ ಡಿಸ್ಕಿನ ಕೈಯಲ್ಲಿ 0ರಿಂದ 7ರವರೆಗಿನ 8 ಚೀಟಿಗಳು.

1. ಪದರವು ಪ್ರತಿ ಬರಹವನ್ನೂ ಎರಡೂ ಡಿಸ್ಕಿಗೆ ಕೊಡಲಿ. ಬಳಿಕ ಒಂದು ಡಿಸ್ಕನ್ನು ಹೊರಗೆ ಕಳುಹಿಸಿ. ಓದು ನಿಲ್ಲುವುದಿಲ್ಲ, ಕಡತ ವ್ಯವಸ್ಥೆಗೆ ಏನೂ ಗೊತ್ತಾಗುವುದಿಲ್ಲ.

2. ಫ್ರೀಬಿಎಸ್‌ಡಿಯ 'ಜಿಮಿರರ್' ತನ್ನ ಗುರುತನ್ನು ಕೊನೆಯ ಸೆಕ್ಟರಿನಲ್ಲಿ ಇಡುತ್ತದೆ. ಹಾಗೆಯೇ 7ನೇ ಚೀಟಿ ಪದರದ್ದಾಗಲಿ. ಈಗ ಅದು ಮೇಲಿನವರಿಗೆ 7 ಸೆಕ್ಟರ್ ಮಾತ್ರ ತೋರಿಸಬೇಕು. 8 ಎಂದು ಹೇಳಿದರೆ ಕಡತ ವ್ಯವಸ್ಥೆ ಆ ಗುರುತಿನ ಮೇಲೆಯೇ ಬರೆದುಬಿಡುತ್ತದೆ.

3. 'ಬರೆದು ಮುಗಿಸು' ಎಂದಾಗ ಪದರವು ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು 'ಆಯಿತು' ಎನ್ನಲಿ. ಆಗಲೇ ಶಿಕ್ಷಕರು 'ಕರೆಂಟ್ ಹೋಯಿತು' ಎನ್ನಲಿ. ಜೇಬಿನಲ್ಲಿದ್ದದ್ದು ನಷ್ಟ. ಉಳಿಯಿತೆಂದು ಕಡತ ವ್ಯವಸ್ಥೆ ನಂಬಿದ ದತ್ತಾಂಶ ಎಲ್ಲೂ ಇಲ್ಲ.

ಸಾರಾಂಶ: ಪದರವು ತನ್ನ ಇರವನ್ನು ಮರೆಮಾಡಬಹುದು, ಗಾತ್ರವನ್ನಾಗಲಿ, ಕೆಲಸ ಮುಗಿದ ಸುದ್ದಿಯನ್ನಾಗಲಿ, ತಾನು ಸರಿಪಡಿಸಲಾಗದ ದೋಷವನ್ನಾಗಲಿ ಮರೆಮಾಡಬಾರದು. ವ್ಯಾಖ್ಯೆಯನ್ನು ಚಟುವಟಿಕೆಯ ನಂತರ ವಿದ್ಯಾರ್ಥಿಗಳಿಂದಲೇ ಹೇಳಿಸುವುದು ಒಳ್ಳೆಯದು.

ಮೌಲ್ಯಮಾಪನ: ಎರಡೂ ಡಿಸ್ಕ್‌ಗಳು ಕೆಟ್ಟಾಗ ನಕಲು ಪದರವು ಕಡತ ವ್ಯವಸ್ಥೆಗೆ ಏನು ಹೇಳಬೇಕು? ಏಕೆ?